ಮೊದಲ ಡಬ್ಬಿಯ ಹಿಟ್ಟು

ಆ ಸೋಮವಾರ ಬೆಳಿಗ್ಗೆ ಹಿಟ್ಟು ಕೈಗೆ ಕೂಡಲಿಲ್ಲ. ಜೋಳದ ಹಿಟ್ಟಿಗೆ ಜಿಗಿ ಇರಬೇಕು. ಕುದಿಯುವ ಎಸರು ಹಾಕಿ ನಾದಿದರೆ ಅದು ಒಂದಾಗಬೇಕು, ಬಡಿಯುತ್ತ ಹೋದರೆ ಅಂಚು ಒಡೆಯದೆ ಬೆಳೆಯಬೇಕು. ಅಂದು ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಅಂಚೆಲ್ಲ ಸೀಳಿತು. ಎತ್ತಿ ಹಂಚಿಗೆ ಹಾಕುವಾಗ ನಡುವೆ ಮುರಿಯಿತು. ನನ್ನ ಜೊತೆ ಬಡಿಯುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು, "ಆಯಿ, ಗಿರಣಿಯಾಂವ ನಮ್ಮ ಹಿಟ್ಟು ಬದಲಿ ಮಾಡ್ಯಾನೇನ ನೋಡ್ರಿ" ಎಂದಳು.

"ಮಾಡಿದ್ರ ಸಂಜಿಮುಂದ ಹೋಗಿ ಅವನ ಕಿವಿ ಹಿಂಡತೇನಿ. ಈಗ ಕೈ ನಡಸು" ಎಂದೆ.

ಎಸರು ಇನ್ನಷ್ಟು ಹಾಕಿ, ರೊಟ್ಟಿ ಸಣ್ಣದು ದಪ್ಪನೆಯದು ಮಾಡಿ ಹೇಗೋ ಬೇಯಿಸಿದೆವು. ಮೊದಲ ಡಬ್ಬಿ ಮುಗಿದು ಎರಡನೆಯದು ತೆಗೆದಾಗ ಹಿಟ್ಟು ಸರಿಯಾಯಿತು, ರೊಟ್ಟಿ ಚಂದ್ರನ ಹಾಗೆ ಬಂದವು. ನಾನು ಆ ಮಾತು ಅಲ್ಲಿಗೇ ಬಿಟ್ಟೆ. ಏನೋ ಆಗಿದೆ ಎಂದು ನನ್ನ ಕೈಗೆ ಗೊತ್ತಾಗಿತ್ತು. ಆದರೆ ಎಂಟು ಗಂಟೆಗೆ ಎಪ್ಪತ್ತು ಹುಡುಗಿಯರು ತಾಟು ಹಿಡಿದು ಕೂಡುವವರು. ಗಡಿಯಾರ ನೋಡಿ ಸುಮ್ಮನಾದೆ.

ಇದು ಹುನಗುಂದದಿಂದ ಎರಡು ಮೈಲಿ ಆಚೆ, ಸಿಸ್ಟರುಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನ ಹಾಸ್ಟೆಲಿನಲ್ಲಿ ನಡೆದದ್ದು. ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾಗುವ ಮನೆಗಳನ್ನು ಬಿಡಿಸುತ್ತಿದ್ದ ವರ್ಷಗಳವು. ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗುವ ಗದ್ದಲದಲ್ಲಿ ಓದು ಕೆಡಬಾರದೆಂದು ಕೆಲವರು ಹೆಣ್ಣುಮಕ್ಕಳನ್ನು ನಮ್ಮಲ್ಲಿ ತಂದು ಬಿಟ್ಟಿದ್ದರು. ಉಳಿದವರು ಇಳಕಲ್ಲಿನ ನೇಕಾರರ ಮಕ್ಕಳು, ಬಾದಾಮಿ ಕಡೆಯ ಅಂಗಡಿಕಾರರ ಮಕ್ಕಳು, ಲಿಂಗಾಯತರು, ಮುಸಲ್ಮಾನರು, ಕೇರಿಯ ಮಕ್ಕಳು. ಕ್ರಿಶ್ಚನ್ನರು ಬೆರಳೆಣಿಕೆ. ನಾನೂ ಇಳಕಲ್ಲಿನ ನೇಕಾರರ ಮನೆಯವಳೇ, ಮೂರನೇ ಇಯತ್ತೆಯವರೆಗೆ ಓದಿದವಳು. ಹಾಸ್ಟೆಲಿನ ಅಡುಗೆ ನನ್ನ ಕೈಯಲ್ಲಿತ್ತು. ಹುಡುಗಿಯರಿಗೆಲ್ಲ ನಾನು ಆಯಿ, ಸಿಸ್ಟರುಗಳಿಗೆ ಅಜ್ಜಿ. ಮನೆಯಲ್ಲಿ ಮೊಮ್ಮಕ್ಕಳಿದ್ದರು, ಹಾಗಾಗಿ ಕರೆಸಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ.

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮಂಗಳೂರು ಕಡೆಯವರು. ಅವರು ಹಾಕಿದ ಪದ್ಧತಿಗಳು ಮೂರು. ಎಲ್ಲರೂ ಒಂದೇ ಪಂಕ್ತಿ. ಎಂಟನೆಯ ಇಯತ್ತೆಯ ಸಣ್ಣವರಿಗೆ ಮೊದಲು ಬಡಿಸಬೇಕು. ಮೂರನೆಯದು ಜೋಳದ್ದು. ದಸರೆ ರಜೆ ಮುಗಿಸಿ ಬರುವಾಗ ಪ್ರತಿ ಹುಡುಗಿ ಮನೆಯಿಂದ ಜೋಳ ತರಬೇಕು. ಇಷ್ಟೇ ಎಂದಿಲ್ಲ. ಇದ್ದವರು ಚೀಲ ತಂದರೂ ಆಯಿತು, ಇಲ್ಲದವರು ಬೊಗಸೆ ತಂದರೂ ಆಯಿತು. ಉಗ್ರಾಣದ ಕೋಣೆಯಲ್ಲಿ ಎದೆಮಟ್ಟದ ತಗಡಿನ ಕಣಜ ಇತ್ತು. ಹುಡುಗಿ ಒಬ್ಬಳೇ ತನ್ನ ಪೆಟ್ಟಿಗೆ ಗಂಟು ಸಮೇತ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ತಂದದ್ದನ್ನು ಸುರಿದು ಹೊರಗೆ ಬರಬೇಕು. ಯಾರು ಏನು ಸುರಿದರೆಂದು ಯಾರೂ ನೋಡಬಾರದು, ಕೇಳಬಾರದು.

ಈ ಪದ್ಧತಿ ಹಾಕಿದ ದಿನವೇ ನಾನು ಹೇಳಿದ್ದೆ. "ಸಿಸ್ಟರ್, ನೋಡೂದಿಲ್ಲಂದ್ರ ನುಸಿ ಹತ್ತಿದ್ದು, ಮಣ್ಣ ಕೂಡಿದ್ದು ಎಲ್ಲಾ ನಮ್ಮ ಕಣಜಕ್ಕ ಬರತೈತಿ."

"ಬರಲಿ ಅಜ್ಜಿ, ನೀವು ಆರಿಸಿ ತೆಗೆಯಿರಿ. ನಾನು ಯಾರ ಮನೆಯದನ್ನು ತಿನ್ನುತ್ತಿದ್ದೇನೆ ಎಂದು ಈ ಮಕ್ಕಳಲ್ಲಿ ಒಬ್ಬಳೂ ಯೋಚಿಸಬಾರದು" ಎಂದರು.

ಹೊಟ್ಟೆ ತುಂಬಿದವರ ಮಾತು ಎಂದುಕೊಂಡೆ. ಒಂದು ವರ್ಷ ಬಡಿಸಿ ನೋಡಿದ ಮೇಲೆ ಬಾಯಿ ಮುಚ್ಚಿದೆ. ನಮ್ಮಲ್ಲಿ ಇನ್ನೊಂದು ರೊಟ್ಟಿ ಕೇಳಲು ಹಿಂಜರಿಯುವ ಹುಡುಗಿ ಇರಲಿಲ್ಲ. ತಾಟು ಚಾಚುವಾಗ ಎಲ್ಲರ ದನಿಯೂ ಒಂದೇ ಜೋರು.

ಆ ವರ್ಷ ಹುಡುಗಿಯರೆಲ್ಲ ಶನಿವಾರವೇ ಬಂದು ಸುರಿದಿದ್ದರು. ಮೂವರು ಮಾತ್ರ ಭಾನುವಾರ ಮಧ್ಯಾಹ್ನ ಬಂದರು. ಅವರು ಸುರಿದು ಹೋದ ಮೇಲೆ ನಾನು ಕಣಜದ ಮೇಲಿನದನ್ನು ಬಳಿದು ಒಂದು ಡಬ್ಬಿ, ಅದರ ಕೆಳಗಿನದು ಇನ್ನೊಂದು ಡಬ್ಬಿ ತುಂಬಿ ಗಿರಣಿಗೆ ಕಳಿಸಿದೆ. ಮೊರಕ್ಕೆ ಹಾಕಿ ನೋಡಿದ್ದೆ. ಮೇಲಿನ ಜೋಳದಲ್ಲಿ ಕಲ್ಲಿಲ್ಲ, ಕಡ್ಡಿಯಿಲ್ಲ, ಕಾಳು ಎಲ್ಲ ಒಂದೇ ಅಳತೆ. ಬಣ್ಣ ಸ್ವಲ್ಪ ಮಂಕು. ಇಷ್ಟು ಸ್ವಚ್ಛ ಜೋಳ ಯಾವ ಪುಣ್ಯಾತ್ಮಳ ಮನೆಯದೋ, ನನ್ನ ಬೆನ್ನು ಉಳಿಯಿತು ಎಂದು ಖುಷಿಪಟ್ಟಿದ್ದೆ.

ಸೋಮವಾರ ಎರಡನೆಯ ಪಿರಿಯಡ್ಡಿನಲ್ಲಿ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಅವಳನ್ನು ಎತ್ತಲು ಹೋದವಳೂ ಮಾಡಿಕೊಂಡಳು. ವಾರ್ಡನ್ ಸಿಸ್ಟರ್ ನನ್ನನ್ನು ಕೂಗುತ್ತ ಓಡಿ ಬಂದರು. ನಾನು ಹೋಗುವಷ್ಟರಲ್ಲಿ ವರಾಂಡದಲ್ಲಿ ಹತ್ತು ಹುಡುಗಿಯರು ಕಂಬ ಹಿಡಿದು ಕೂತಿದ್ದರು. ತಲೆ ತಿರುಗುತ್ತದೆ, ಹೊಟ್ಟೆ ಕಲಸುತ್ತದೆ, ಕಣ್ಣು ಮಂಜಾಗುತ್ತದೆ ಎನ್ನುತ್ತಿದ್ದರು. ಅರ್ಧ ತಾಸಿನಲ್ಲಿ ಇಪ್ಪತ್ತಮೂರು ಮಂದಿ ಆದರು. ರಸ್ತೆಯಲ್ಲಿ ಗ್ರಾನೈಟ್ ಚಪ್ಪಡಿ ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೋಗೆ ಹೆಡ್‌ಮಿಸ್ಟ್ರೆಸ್ ಅಡ್ಡ ನಿಂತರು. ಚಾದರ ಹಾಸಿ ಮಕ್ಕಳನ್ನು ಹತ್ತಿಸಿದೆವು. ಎಲ್ಲರಿಗಿಂತ ಸಣ್ಣವಳು, ನವನಗರದಿಂದ ಬಂದವಳು, ನನ್ನ ತೊಡೆಯ ಮೇಲಿದ್ದಳು. ಮಾತಾಡಿಸಿದರೆ ಹೂಂ ಎನ್ನುತ್ತಿದ್ದವಳು ಹುನಗುಂದ ಮುಟ್ಟುವಾಗ ಹೂಂ ಅನ್ನುವುದನ್ನೂ ಬಿಟ್ಟಳು.

ದವಾಖಾನೆಯ ಡಾಕ್ಟರು ವಯಸ್ಸಾದವರು, ಗಡಿಬಿಡಿ ಇಲ್ಲದವರು. ಒಬ್ಬೊಬ್ಬಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ ನನ್ನ ಕಡೆ ತಿರುಗಿದರು.

"ಏನ ಉಂಡಾರ?"

"ರೊಟ್ಟಿ, ಹೆಸರಕಾಳ ಪಲ್ಯ, ಮಜ್ಜಗಿ."

"ಹಲ್ಲಿ ಏನರ ಬಿದ್ದಿತ್ತೇನು?"

"ನನ್ನ ಅಡಗಿಯೊಳಗ ಹಲ್ಲಿ ಬೀಳೂದಿಲ್ರಿ."

"ಹಲ್ಲಿ ನಿಮ್ಮನ್ನ ಕೇಳಿ ಬೀಳತೈತೇನ ಆಯಿ?" ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಆಮೇಲೆ ದನಿ ತಗ್ಗಿಸಿ ಹೆಡ್‌ಮಿಸ್ಟ್ರೆಸ್ಸಿಗೂ ನನಗೂ ಬಿಡಿಸಿ ಹೇಳಿದರು. "ಪಲ್ಯ ಕೆಟ್ಟಿದ್ರ ಸಲಾಯಿನ್ ಮ್ಯಾಲ ಸುಧಾರಸತಾರ. ಆದ್ರ ಇದು ಹೊಲದ ಔಷಧಿ ಇದ್ದಂಗ ಅನಸಾಕ ಹತ್ತೇತಿ. ಹುಳದ ಔಷಧಿ ಇದ್ರ ಅದಕ್ಕ ಇಂಜೆಕ್ಷನ್ ಐತಿ. ಖಾತ್ರಿ ಇಲ್ಲದ ಕೊಟ್ಟೆ ಅಂದ್ರ ಅದs ಅಪಾಯ. ನಾಕು ಗಂಟೆತನಕಾ ನೋಡತೇನಿ. ಅಷ್ಟರಾಗ ಏನ ಸೇರೇತಿ ಅಂತ ತಿಳೀಲಿಲ್ಲಂದ್ರ ಎಲ್ಲಾರನ್ನೂ ಬಾಗಲಕೋಟಿಗೆ ಕಳಸೂದs. ಈ ಸಣ್ಣಾಕಿ ದಾರಿ ತಡೀತಾಳೋ ಇಲ್ಲೋ ನನಗ ಗೊತ್ತಿಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಹೆಡ್‌ಮಿಸ್ಟ್ರೆಸ್ ಅಲ್ಲೇ ಉಳಿದರು, ನನ್ನನ್ನು ಹಿಂದಕ್ಕೆ ಕಳಿಸಿದರು. "ಏನನ್ನೂ ಚೆಲ್ಲಲು ಬಿಡಬೇಡಿ ಅಜ್ಜಿ" ಎಂದರು.

ನಾನು ಹೋದಾಗ ವಾರ್ಡನ್ ಸಿಸ್ಟರ್ ಪಾತ್ರೆ ತೊಳೆಸಲು ಶುರು ಮಾಡಿಸಿದ್ದರು. ಚಿಕ್ಕ ವಯಸ್ಸಿನವರು. ಸುಮ್ಮನೆ ಕೂಡಲಾಗದೆ ತೊಳೆಸುತ್ತಿದ್ದರು. ಚಾಪೆಲ್ಲಿನಲ್ಲಿ ಒಂಬತ್ತನೆಯ ಹತ್ತನೆಯ ಹುಡುಗಿಯರು ಮಂಡಿಯೂರಿದ್ದರು, ಅವರಲ್ಲಿ ಮುಕ್ಕಾಲು ಪಾಲು ಕುಂಕುಮ ವಿಭೂತಿಯವರು. ನಾನು ಪಾತ್ರೆ ಬಿಡಿಸಿದೆ. ಉಳಿದ ಪಲ್ಯ ಒಂದು ಬಟ್ಟಲು ಹಾಕಿಕೊಂಡು ತಿಂದೆ.

"ಅಯ್ಯೋ ಅಜ್ಜಿ, ಬೇಡ!"

"ಹಲ್ಲಿ ಇದ್ರ ನನಗs ಆಗಲಿ ಬಿಡ್ರಿ. ಅರವತ್ತ ದಾಟೇತಿ."

ತಿಂದ ಮೇಲೆ ತಲೆ ಓಡಿತು. ಪಲ್ಯ ಎಲ್ಲರೂ ತಿಂದಿದ್ದಾರೆ, ಮಜ್ಜಿಗೆ ಎಲ್ಲರೂ ಕುಡಿದಿದ್ದಾರೆ, ನೀರು ಒಂದೇ ಟಾಕಿಯದು. ಆದರೆ ಮಲಗಿದವರೆಲ್ಲ ಎಂಟನೆಯವರು. ದೊಡ್ಡ ಹುಡುಗಿಯರಿಗೆ ಏನೂ ಆಗಿಲ್ಲ. ಎಂಟನೆಯವರು ಮೊದಲು ಉಂಡವರು. ಅವರಿಗೆ ಬಿದ್ದದ್ದು ಮೊದಲ ಡಬ್ಬಿಯ ರೊಟ್ಟಿ, ಬೆಳಿಗ್ಗೆ ನನ್ನ ಕೈಗೆ ಕೂಡದ ಹಿಟ್ಟಿನದು. ಸಣ್ಣವರು ಮೊದಲು ಎಂದು ನಾನೇ ಕರೆದು ಕರೆದು ಬಡಿಸಿದ್ದೆ. ಆ ಪುಟ್ಟವಳಿಗೆ ಬೇಡ ಎಂದರೂ ಇನ್ನೊಂದು ಹಾಕಿದ್ದೆ.

ಉಗ್ರಾಣಕ್ಕೆ ಹೋದೆ. ಬಳಿದ ಕಣಜದ ಅಂಚಿನಲ್ಲಿ ಆ ಮಂಕು ಜೋಳ ಇನ್ನೂ ಒಂದಷ್ಟು ಅಂಟಿಕೊಂಡಿತ್ತು. ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಬಂದೆ. ತೊಳೆದು ಒಣಗಿಸಿದ ಕಾಳು. ನೀರು ಕುಡಿದು ಒಣಗಿದ ಜೋಳ ಜಿಗಿ ಕಳೆದುಕೊಳ್ಳುತ್ತದೆ. ಬೀಸುವ ಜೋಳವನ್ನು ಯಾರೂ ತೊಳೆಯುವುದಿಲ್ಲ. ತೊಳೆದಿದ್ದಾರೆ ಎಂದರೆ ಅದರ ಮೇಲೆ ತೊಳೆಯಬೇಕಾದದ್ದು ಏನೋ ಇತ್ತು.

ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಬೆಳೆದವರಿಗೆ ಒಂದು ಗೊತ್ತು. ಬಣ್ಣ ಬಿಡುತ್ತದೋ ಇಲ್ಲವೋ ನೋಡಬೇಕಾದರೆ ಬಿಳಿ ಬಟ್ಟೆ ಒದ್ದೆ ಮಾಡಿ ತಿಕ್ಕಿ ನೋಡಬೇಕು. ರೊಟ್ಟಿ ಮುಚ್ಚುವ ಬಿಳಿ ಅರಿವೆ ಒದ್ದೆ ಮಾಡಿ, ಕಾಳು ಒಳಗಿಟ್ಟು ಎರಡೂ ಅಂಗೈಯಲ್ಲಿ ತಿಕ್ಕಿದೆ. ಬಿಚ್ಚಿದರೆ ಗುಲಾಬಿ ಕಲೆ. ಕಾಳಿನ ತುದಿಯ ಕರಿ ಕಣ್ಣಿನ ಸುತ್ತ ಅದೇ ಬಣ್ಣ ಸಣ್ಣ ಗೆರೆಯಾಗಿ ಉಳಿದಿತ್ತು. ಬಿತ್ತನೆ ಬೀಜ. ಅದಕ್ಕೆ ಔಷಧ ಹಚ್ಚಿ, ಯಾರೂ ತಿನ್ನಬಾರದೆಂದೇ ಆ ಬಣ್ಣ ಹಾಕುತ್ತಾರೆ.

ಯಾವ ಔಷಧ ಎಂಬುದು ಮಾತ್ರ ಗೊತ್ತಾಗಲಿಲ್ಲ. ಅದನ್ನು ತಂದವಳು ಹೇಳಬೇಕು, ಇಲ್ಲವೇ ಅದರ ಚೀಲ ಹೇಳಬೇಕು.

ವಾರ್ಡನ್ ಸಿಸ್ಟರಿಗೆ ತೋರಿಸಿದ ಕೂಡಲೇ ಅವರು ಗಂಟೆ ಬಾರಿಸಲು ಹೊರಟರು. "ಎಲ್ಲರ ಪೆಟ್ಟಿಗೆಗಳನ್ನೂ ಅಂಗಳಕ್ಕೆ ತರಿಸುತ್ತೇನೆ. ಚೀಲ ಸಿಕ್ಕೇ ಸಿಗುತ್ತದೆ."

"ಬ್ಯಾಡ್ರಿ."

"ಮಕ್ಕಳು ಸಾಯುತ್ತಿದ್ದಾರೆ ಅಜ್ಜಿ!"

"ಅದಕ್ಕs ಬ್ಯಾಡ ಅನ್ನಾಕ ಹತ್ತೇನಿ. ಅಂಗಳದಾಗ ಪೆಟಗಿ ಬಿಚ್ಚಿದ್ರ ಎಪ್ಪತ್ತು ಬಾಯಿ ಕೂಗಾಡತಾವ. ತಂದಾಕಿ ಹೆದರಿ ಇನ್ನೂ ಮುಚ್ಚತಾಳ. ಮ್ಯಾಲಿನ ಜ್ವಾಳ ಅಂದ್ರ ನಿನ್ನೆ ತಡಾ ಮಾಡಿ ಬಂದವರದ್ದು. ಮೂರs ಮಂದಿ. ನನಗ ಒಂದ ತಾಸ ಕೊಡ್ರಿ."

ಆ ಮೂವರಲ್ಲಿ ಹತ್ತನೆಯ ಇಯತ್ತೆಯವಳು ಒಬ್ಬಳು ಶಾಲೆಯಲ್ಲೇ ಇದ್ದಳು. ಚಾಪೆಲ್ಲಿನಿಂದ ಹೊರಗೆ ಕರೆದು ಕಾಳು ತೋರಿಸಿದೆ. "ನಮ್ಮದು ಹಳದಿ ಜ್ವಾಳ ಆಯಿ, ಅಪ್ಪ ಸಂತ್ಯಾಗ ತಂದದ್ದು" ಎಂದಳು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಉಳಿದ ಇಬ್ಬರೂ ಎಂಟನೆಯವರು, ದವಾಖಾನೆಯಲ್ಲಿದ್ದರು.

ಲೆಕ್ಕದ ಮಾಸ್ತರರ ಸ್ಕೂಟರಿನ ಹಿಂದೆ ಕುಳಿತೆ. ಸ್ಕೂಟರ್ ಹತ್ತಿದ್ದು ಅದೇ ಮೊದಲು. "ಗಟ್ಟಿ ಹಿಡಕೋರಿ ಆಯಿ" ಎಂದರು. ಹಿಡಿದುಕೊಳ್ಳುವ ಲಕ್ಷ್ಯ ನನಗೆಲ್ಲಿಯದು. ಹುಡುಗಿ ಒಪ್ಪದಿದ್ದರೆ ಒಂದು ತಾಸು ಹಾಳು. ಪೆಟ್ಟಿಗೆ ಬಿಚ್ಚಿಸಿದ್ದರೆ ಆಗಲೇ ಸಿಗುತ್ತಿತ್ತೇನೋ. ನನ್ನ ಹಟಕ್ಕೆ ಆ ಸಣ್ಣವಳು ಹೋದರೆ ಅವಳ ಅಪ್ಪನಿಗೆ ಏನು ಹೇಳಲಿ? ದಾರಿಯುದ್ದಕ್ಕೂ ಇದೇ.

ಇಬ್ಬರಲ್ಲಿ ಒಬ್ಬಳು ಬಾದಾಮಿಯ ಕಿರಾಣಿ ಅಂಗಡಿಯವರ ಮಗಳು, ನಿದ್ದೆಯಲ್ಲಿದ್ದಳು. ಇನ್ನೊಬ್ಬಳು ಐಹೊಳೆಯ ಹತ್ತಿರದ ಒಂದು ಹಳ್ಳಿಯವಳು. ತಂದೆ ಇಲ್ಲ, ತಾಯಿ ಕಂಡವರ ಹೊಲಕ್ಕೆ ಕೂಲಿ ಹೋಗುವವಳು. ಅವಳ ಮಂಚದ ತುದಿಗೆ ಕುಳಿತೆ.

"ಹೆಂಗೈತಿ ತಂಗಿ?"

"ಹೊಟ್ಟಿ ಕಲಸತೈತಿ ಆಯಿ."

ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ತೋರಿಸಿದೆ. ಹುಡುಗಿ ಗೋಡೆಯ ಕಡೆ ಹೊರಳಿದಳು. ಬೆನ್ನು ನಡುಗತೊಡಗಿತು. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಅಳಬ್ಯಾಡ, ಅಳಾಕ ಹೊತ್ತಿಲ್ಲ. ಯಾಕ ತಂದಿ ಅಂತ ನಾ ಕೇಳೂದಿಲ್ಲ. ಔಷಧಿ ಯಾವುದು ಅಂತ ಡಾಕ್ಟರಗ ಗೊತ್ತಾಗಬೇಕು. ಆ ಮೂಲ್ಯಾಗ ಮಲಗ್ಯಾಳಲ್ಲ ಸಣ್ಣಾಕಿ, ಆಕಿ ಕಣ್ಣ ತಗ್ಯಾಕ ತಯಾರಿಲ್ಲ."

"ಅವ್ವ ಏಳ ನೀರಾಗ ತೊಳದಾಳ ಆಯಿ. ಎರಡ ದಿನ ಬಿಸಲಿಗೆ ಹಾಕ್ಯಾಳ. ಬಿತ್ತಿ ಉಳದದ್ದು ಗೌಡ್ರ ಮನ್ಯಾಗ ಕೊಟ್ಟಿದ್ರು, ಕೋಳಿಗೆ ಹಾಕಬ್ಯಾಡ, ಚೆಲ್ಲು ಅಂದಿದ್ರು. ನಾವೂ ಒಂದೊಂದ ರೊಟ್ಟಿ ತಿಂದ ನೋಡಿದ್ವಿ, ಏನೂ ಆಗಲಿಲ್ಲ."

"ಉಳದದ್ದು?"

"ಅಷ್ಟೂ ಸಾಲಿಗೆ ಕೊಟ್ಲು. ಎಲ್ಲಾರೂ ಚೀಲಗಟ್ಲೆ ತರತಾರ, ನೀ ಬರಿಗೈಲೆ ಹ್ಯಾಂಗ ಹೋಗತಿ ಅಂದ್ಲು."

ಯಾರೂ ನೋಡುವುದಿಲ್ಲ ಎಂಬ ಕೋಣೆಗೂ ಬರಿಗೈಯಲ್ಲಿ ಹೋಗಲು ಆ ತಾಯಿಗೆ ಮನಸ್ಸಾಗಿರಲಿಲ್ಲ. ಅದನ್ನು ಸಿಸ್ಟರೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ.

"ಬೀಜದ ಚೀಲ ಎಲ್ಲೈತಿ?"

"ಪುಸ್ತಕದ ಚೀಲ ಮಾಡಿ ಹೊಲಿದು ಕೊಟ್ಟಾಳ. ಒಳಮೈ ಹೊರಗ ಮಾಡಿ. ಕ್ಲಾಸಿನ್ಯಾಗ ಐತಿ."

ಮತ್ತೆ ಸ್ಕೂಟರ್. ಎಂಟನೆಯ ಇಯತ್ತೆಯ ಕೋಣೆ ಖಾಲಿ ಇತ್ತು, ವಾಂತಿಯ ಮೇಲೆ ಬೂದಿ ಹಾಕಿದ್ದರು. ಮೂರನೆಯ ಬೆಂಚಿನ ಮೇಲೆ ಚೀಲ. ನೀಲಿ ದಾರದ ಹಿಡಿಕೆ, ಕೈಹೊಲಿಗೆ. ಇಡೀ ಕ್ಲಾಸು ದಿನಾ ನೋಡುತ್ತಿದ್ದ ಚೀಲವಲ್ಲ, ರಜೆಯಿಂದ ಬಂದ ಮೇಲೆ ಅಂದೇ ಹೊರಗೆ ತಂದದ್ದು. ಆದರೆ ಆ ಬೆಳಿಗ್ಗೆ ಅಕ್ಕಪಕ್ಕದವರಂತೂ ನೋಡಿರುತ್ತಾರೆ. ಪುಸ್ತಕ ತೆಗೆದು ಒಳಮೈ ಹೊರಗೆ ಮಾಡಿದೆ. ಮಾಸಿದ ತೆನೆಯ ಚಿತ್ರ, ಸಣ್ಣಸಣ್ಣ ಇಂಗ್ಲಿಷ್ ಅಕ್ಷರ, ಒಂದು ಬಣ್ಣದ ಗುರುತು. ಕನ್ನಡದಲ್ಲಿ ಎರಡೇ ಅಕ್ಷರ ನನಗೆ ಓದಲು ಸಿಕ್ಕವು. ವಿಷ.

ಇಡೀ ಚೀಲ ಒಯ್ದರೆ ಹಿಡಿಕೆ ನೋಡಿದವರು ಯಾರದೆಂದು ಹೇಳುತ್ತಾರೆ. ನಾಳೆ ಅವಳು ಈ ಶಾಲೆಯಲ್ಲಿ ಇರುವುದಿಲ್ಲ. ಅಡುಗೆಮನೆಗೆ ಹೋಗಿ ಇಳಿಗೆಯ ಮೇಲೆ ಆ ಅಚ್ಚಿನ ಭಾಗವನ್ನು ಚೌಕಾಗಿ ಕೊಯ್ದೆ. ಉಳಿದದ್ದನ್ನು ನೀಲಿ ಹಿಡಿಕೆ ಸಮೇತ ಒಲೆಗೆ ಹಾಕಿ ಉರಿ ಹತ್ತುವವರೆಗೆ ನಿಂತೆ. ಅವಳ ಪುಸ್ತಕ ನನ್ನ ಸಂತೆಯ ಕೈಚೀಲಕ್ಕೆ ತುಂಬಿ ಅದೇ ಬೆಂಚಿನ ಮೇಲಿಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಆಗ ಯೋಚಿಸಲು ಹೊತ್ತಿರಲಿಲ್ಲ. ಈಗ ಹೊತ್ತಿದೆ, ಈಗಲೂ ಖಾತ್ರಿ ಇಲ್ಲ.

ಡಾಕ್ಟರ ಕೈಗೆ ಆ ತುಂಡು ಕೊಟ್ಟಾಗ ಮೂರು ಮುಕ್ಕಾಲು. ಬಿತ್ತನೆ ಬೀಜವನ್ನು ಏಳು ನೀರಿನಲ್ಲಿ ತೊಳೆದು ಬೀಸಿದ್ದು ಎಂದೂ ಹೇಳಿದೆ. ಬಾಗಲಕೋಟೆಗೆ ಒಯ್ಯಲು ಗಾಡಿ ಬಂದು ನಿಂತಿತ್ತು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಎರಡು ಸಲ ಓದಿದರು.

"ಹುಳದ ಔಷಧಿ ಅಲ್ಲ. ಬೀಜಕ್ಕ ಬೂಷ್ಟ ಹಿಡೀಬಾರದಂತ ಹಚ್ಚೂ ಪುಡಿ. ಆ ಇಂಜೆಕ್ಷನ್ ಕೊಡಾಂಗಿಲ್ಲ. ತೊಳದಿದ್ದಕ್ಕ ಹೊಟ್ಟ್ಯಾಗ ಭಾಳ ಹೋಗಿಲ್ಲ." ಗಾಡಿಯವನಿಗೆ ಕೈಯಲ್ಲೇ ನಿಲ್ಲು ಎಂದರು. "ಇದು ಎಲ್ಲಿ ಸಿಕ್ತು?"

"ಅಡಗಿಮನಿ ಕಟಗಿ ಕೋಣ್ಯಾಗ."

ನನ್ನ ಮುಖ ನೋಡಿದರು. ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಸಣ್ಣವಳು ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು ನೀರು ಕೇಳಿದಳು. ಅಲ್ಲಿಯವರೆಗೆ ಏನು ತಿಂದೆ, ಎಲ್ಲಿ ಕೂತಿದ್ದೆ ಎಂಬುದು ನನಗೆ ನೆನಪಿಲ್ಲ.

ಅಂದೇ ತಂದೆತಾಯಿಗಳು ಬಂದರು. ಬಸ್ಸಿನಿಂದ ಬಸ್ಸಿಗೆ ಸುದ್ದಿ ಹೋಗಿತ್ತು, ಮೂರು ಮಕ್ಕಳು ಸತ್ತಿದ್ದಾರೆಂದು ಕೇಳಿ ಬಂದವರೂ ಇದ್ದರು. ಎಲ್ಲರನ್ನೂ ಶಾಲೆಯ ದೊಡ್ಡ ಹಾಲಿನಲ್ಲಿ ಕೂಡಿಸಿದರು. ನಾನು ಹಿತ್ತಲಲ್ಲಿ ಕಣಜ ಖಾಲಿ ಮಾಡಿಸುತ್ತಿದ್ದೆ. ಕಟ್ಟಿಗೆ ಕೋಣೆಯ ಮರೆಯಿಂದ ಒಬ್ಬ ಹೆಂಗಸು ಬಂದು ನನ್ನ ಕಾಲು ಹಿಡಿದಳು. ಬಿಸಿಲಿಗೆ ಕರ್ರಗಾದ ಕೈ, ಬೆರಳ ಸಂದಿಯಲ್ಲಿ ಎರೆಮಣ್ಣು. ಮುಖ ನೋಡಿದರೆ ಸಾಕಾಗಿತ್ತು, ಮಗಳು ಹಾಗೇ ಇದ್ದಳು.

"ಆಯಿ, ಆಕಿ ಎಲ್ಲಾ ಹೇಳಿದ್ಲು. ನಂದs ತಪ್ಪು. ಒಳಗ ಹೋಗಿ ಎಲ್ಲಾರ ಕಾಲಿಗೂ ಬೀಳತೇನಿ. ಮಗಳನ್ನ ಕರಕೊಂಡ ಹೋಗತೇನಿ. ನಮ್ಮಂಥವರಿಗೆ ಯಾಕ ಬೇಕ್ರಿ ಸಾಲಿ."

"ಕಾಲಿಗೆ ಬಿದ್ರ ನಿನ್ನ ಎದಿ ಹಗುರ ಆಗತೈತಿ. ಆಕಿ ಸಾಲಿ ಹೋಗತೈತಿ. ನಿನಗ ಯಾವುದ ಬೇಕು?"

ನನ್ನ ಕಾಲು ಬಿಟ್ಟು ಎದ್ದಳು. "ಮತ್ತ ನಿಮಗ ಅಂತಾರಲ್ರಿ ಎಲ್ಲಾರೂ."

"ಅನಲಿ. ನಾ ಏನ ಎಂಟನೇತ್ತ ಪಾಸಾಗಬೇಕೇನು? ಒಳಗ ಬಂದು ಹಿಂದ ನಿಂದರು. ಬಾಯಿ ತಗದಿ ಅಂದ್ರ ನಾನs ನಿನ್ನ ಕೈ ಹಿಡದು ಹೊರಗ ಹಾಕತೇನಿ."

ಹಾಲಿನಲ್ಲಿ ಸಣ್ಣವಳ ಅಪ್ಪ ಮುಂದಿನ ಸಾಲಿನಲ್ಲಿ ನಿಂತಿದ್ದ. ಕಚೇರಿಯಲ್ಲಿ ಕೆಲಸದವನು, ಇಸ್ತ್ರಿ ಅಂಗಿ ಬೆವರಿಗೆ ಅಂಟಿತ್ತು. ಹಿಂದಿನ ಸಂಜೆಯೇ ಬಂದು ರಾತ್ರಿಯಿಡೀ ಮಗಳ ಪಕ್ಕ ಕೂತವನು. ಅವನ ಸಿಟ್ಟಿಗೆ ನಾನು ತಪ್ಪು ಹೇಳುವುದಿಲ್ಲ.

"ಯಾರ ಮನಿ ಜ್ವಾಳ ಅಂತ ಹೇಳ್ರಿ ಸಿಸ್ಟರ್. ಅಲ್ಲೀತನಕಾ ನಾವು ಏಳಾಂಗಿಲ್ಲ."

"ಯಾರೆಂದು ನಾವು ಬರೆದಿಡುವುದಿಲ್ಲ. ಅದು ಇಲ್ಲಿಯ ಪದ್ಧತಿ" ಎಂದರು ಹೆಡ್‌ಮಿಸ್ಟ್ರೆಸ್. ಅವರ ದನಿ ಅಷ್ಟು ತೆಳ್ಳಗಾದದ್ದು ನಾನು ಕೇಳಿರಲಿಲ್ಲ.

ಹಿಂದಿನಿಂದ ಒಬ್ಬ ರುಮಾಲಿನವನು, "ಕಂಡ ಕಂಡವರದ್ದೆಲ್ಲಾ ಒಂದs ಕಣಜಕ್ಕ ಸುರದ್ರ ಮತ್ತೇನ ಆಗತೈತ್ರಿ? ಕೇರಿಯಾವರನ್ನ ಕೇಳ್ರಿ ಮೊದಲ" ಎಂದ. ಕೇರಿಯಿಂದ ಬಂದಿದ್ದ ಇಬ್ಬರು ಅಪ್ಪಂದಿರು ತಲೆ ಎತ್ತಿದರು. ಇನ್ನು ಕೈ ಕೈ ಹತ್ತುತ್ತದೆ ಎಂದು ನನಗೆ ಕಂಡಿತು. ನಡುವೆ ಹೋಗಿ ನಿಂತೆ.

"ಕಣಜಕ್ಕ ಏನರ ಬೀಳಲಿ, ಹಸನ ಮಾಡಾಕಿ ನಾನು. ನಿನ್ನೆ ಮುಂಜಾನೆ ಹಿಟ್ಟಿನ್ಯಾಗ ಜಿಗಿ ಇರಲಿಲ್ಲ. ನನ್ನ ಕೈಗೆ ತಿಳೀತು. ತಿಳದೂ ರೊಟ್ಟಿ ಬಡದೆ, ತಿಳದೂ ಬಡಿಸಿದೆ. ಡಬ್ಬಿ ತಗದ ಬದಿಗೆ ಇಟ್ಟಿದ್ರ ಒಂದ ಕೂಸಿಗೂ ಏನೂ ಆಗತಿರಲಿಲ್ಲ. ತಪ್ಪು ನಂದು. ಯಾರನ್ನೂ ಕೇಳಬ್ಯಾಡ್ರಿ."

ಅದರಲ್ಲಿ ಸುಳ್ಳು ಒಂದು ಅಕ್ಷರ ಇರಲಿಲ್ಲ.

ಆಮೇಲೆ ಅಂದರು. ಮುದಿ ಕಣ್ಣು, ಕುರುಡಿ, ಕೊಲೆಗಾತಿ. ಸಣ್ಣವಳ ಅಪ್ಪ ನನ್ನ ಮುಖಕ್ಕೆ ಬೆರಳು ತೋರಿಸಿ, "ನಿನ್ನ ಕೈ ಅಡಗಿ ನನ್ನ ಮಗಳು ಇನ್ನ ಮ್ಯಾಲ ಉಣ್ಣೂದಿಲ್ಲ" ಎಂದ.

"ಉಣಬ್ಯಾಡ್ರಿ. ಸಾಲಿ ಮಾತ್ರ ಬಿಡಸಬ್ಯಾಡ್ರಿ."

ಕಂಬದ ಹಿಂದೆ ಆ ತಾಯಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನಾನು ಒಮ್ಮೆ ಆ ಕಡೆ ನೋಡಿದೆ, ಅಲ್ಲಾಡಬೇಡ ಎನ್ನುವ ಹಾಗೆ. ಅವಳು ಅಲ್ಲಾಡಲಿಲ್ಲ. ನನಗಿಂತ ಅವಳಿಗೆ ಅದು ಕಷ್ಟವಾಗಿತ್ತು.

ಮೂರು ಮನೆಯವರು ಮಕ್ಕಳನ್ನು ಕರೆದುಕೊಂಡು ಹೋದರು. ಸಣ್ಣವಳು ಉಳಿದಳು. ಉಳಿಯಬೇಕಾದವಳೂ ಉಳಿದಳು. ನನ್ನನ್ನು ಅಡುಗೆಯಿಂದ ತೆಗೆಯಬೇಕು ಎಂಬ ಒಂದು ಮಾತಿಗೆ ಎಲ್ಲರೂ ಸಮಾಧಾನವಾದರು.

ಸಂಜೆ ಹೆಡ್‌ಮಿಸ್ಟ್ರೆಸ್ ನನ್ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ನಾನು ನಿಂತೇ ಇದ್ದೆ.

"ಯಾರೆಂದು ನಿಮಗೆ ಗೊತ್ತು, ಅಲ್ಲವೇ?"

"ಗೊತ್ತೈತ್ರಿ."

"ನನಗಾದರೂ ಹೇಳಬಹುದಲ್ಲ."

"ಹೇಳು ಅಂದ್ರ ಹೇಳತೇನಿ. ಆದ್ರ ಮುಂದಿನ ದಸರಿಗೆ ಆ ಕೋಣಿ ಬಾಗಲಾ ಮುಚ್ಚೂದು ಬ್ಯಾಡ್ರಿ. ನೋಡೂದs ಖರೆ ಅಂದ್ರ ಎಲ್ಲಾರೂ ನೋಡಲಿ."

ಅವರು ಮೇಜಿನ ಮೇಲಿನ ಶಿಲುಬೆಯನ್ನು ಅತ್ತ ಇತ್ತ ಸರಿಸಿದರು. "ಹಾಗಾದರೆ ಹೇಳಬೇಡಿ" ಎಂದರು. ಆಮೇಲೆ, "ಆದರೆ ಇನ್ನೊಮ್ಮೆ ಹೀಗೆ ಆಗಬಾರದು" ಎಂದರು.

ಅದಕ್ಕೆ ನನ್ನಲ್ಲಿ ಉಪಾಯವಿತ್ತು. ಕಣಜದ ಬಾಯಿಗೆ ಬಿಳಿ ಅರಿವೆ ಒದ್ದೆ ಮಾಡಿ ಕಟ್ಟಬೇಕು, ಹುಡುಗಿ ಅದರ ಮೇಲೆ ಸುರಿಯಬೇಕು. ಪ್ರತಿ ಹುಡುಗಿ ಹೋದ ಮೇಲೆ ಒಬ್ಬರು ಮಾತ್ರ ಅರಿವೆ ನೋಡಿ ಕಾಳು ಒಳಗೆ ಬಿಡಬೇಕು, ಯಾರದೆಂದು ಬಾಯಿ ಬಿಡಬಾರದು. ಬಣ್ಣ ಕಂಡರೆ ಆ ಜೋಳ ಹೊರಗೆ, ಹುಡುಗಿ ಒಳಗೆ. ಮತ್ತು ತರಲು ಏನೂ ಇಲ್ಲದವಳು ಬರಿಗೈಯಲ್ಲಿ ಹೋಗಿ, ಬಾಗಿಲು ಮುಚ್ಚಿ, ಐದು ನಿಮಿಷ ನಿಂತು ಬಂದರೂ ನಡೆಯುತ್ತದೆ ಎಂದು ಮೊದಲೇ ಎಲ್ಲರ ಮುಂದೆ ಹೇಳಿಬಿಡಬೇಕು. ಸಿಸ್ಟರ್ ಬರೆದುಕೊಂಡರು.

ಕಣಜದ ಜೋಳವನ್ನೆಲ್ಲ ತೆಂಗಿನ ಗಿಡದಾಚೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿದೆವು. ಎರಡು ತಿಂಗಳು ಹುಡುಗಿಯರು ಅನ್ನ ತಿಂದು ಮುಖ ಸಿಂಡರಿಸಿದರು. ನಾನು ಆ ವರ್ಷ ಪೂರ್ತಿ ದನದ ಕೊಟ್ಟಿಗೆಯಲ್ಲಿದ್ದೆ. ಹೊಸ ಅಡುಗೆಯವಳ ರೊಟ್ಟಿ ಚರ್ಮದ ಹಾಗೆ ಇರುತ್ತಿತ್ತು. ಮರುವರ್ಷ ಹುಡುಗಿಯರೇ ಗಲಾಟೆ ಮಾಡಿ ನನ್ನನ್ನು ಒಲೆಗೆ ಕರೆತಂದರು.

ಆ ಹುಡುಗಿ ಮಾತ್ರ ಅಂದಿನಿಂದ ನನ್ನ ಮುಖ ನೋಡಲಿಲ್ಲ. ಬಡಿಸುವಾಗ ತಾಟು ಚಾಚುತ್ತಿದ್ದಳು, ಕಣ್ಣು ತಾಟಿನಲ್ಲೇ. ಆಯಿ ಎನ್ನುತ್ತಿರಲಿಲ್ಲ. ನಾನು ಎದುರು ಬಂದರೆ ಸುತ್ತು ಹಾಕಿ ಹೋಗುತ್ತಿದ್ದಳು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಅವಳು ಮರೆಯಬೇಕಾದದ್ದು ನನ್ನ ಮುಖದಲ್ಲಿತ್ತು. ನಾನೂ ಮಾತಾಡಿಸಲಿಲ್ಲ. ಎರಡು ಹಾಕುವಲ್ಲಿ ಮೂರು ರೊಟ್ಟಿ ಹಾಕುತ್ತಿದ್ದೆ, ಅಷ್ಟೇ. ತಿನ್ನುತ್ತಿದ್ದಳು.

ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಮುಗಿದ ದಿನ ಹುಡುಗಿಯರೆಲ್ಲ ಅಡುಗೆಮನೆಗೆ ಬಂದು ಅಳುತ್ತ ಕಾಲು ಮುಟ್ಟಿದರು. ಅವಳು ಬರಲಿಲ್ಲ. ಕಟ್ಟಿಗೆ ತರುವ ನೆಪ ಮಾಡಿ ಗೇಟಿನ ತನಕ ಹೋದೆ. ಪೆಟ್ಟಿಗೆ ಹೊತ್ತುಕೊಂಡು ಐಹೊಳೆಯ ಮೇಲೆ ಹೋಗುವ ಬಾದಾಮಿ ಬಸ್ಸಿನ ಬಾಗಿಲಲ್ಲಿ ಗುದ್ದಾಡುತ್ತಿದ್ದಳು. ಮೂರು ವರ್ಷದಲ್ಲಿ ಒಳ್ಳೆಯ ಎತ್ತರ ಬೆಳೆದಿದ್ದಳು. ಮೊಣಕೈಯಿಂದ ಇಬ್ಬರನ್ನು ಸರಿಸಿ ಒಳಗೆ ನುಗ್ಗಿದಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಸೀಟು ಸಿಗುತ್ತಿರಲಿಲ್ಲ.